ಎಣ್ಣೆ ಮನೆಯ ಸೊಸೆ ನುಂಗಿದ ಮಾತ್ರೆ

ಡಾಕ್ಟರ್ ಗಿರಿಜಾಂಬಿಕಾ ರಿಪೋರ್ಟನ್ನು ಎರಡನೇ ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಾಗಲೇ ಶಶಿರೇಖಾಳಿಗೆ ಕೆಟ್ಟ ಸುದ್ದಿಯೆಂದು ಗೊತ್ತಾಯಿತು. ಪಕ್ಕದ ಕುರ್ಚಿಯಲ್ಲಿ ಅವಳ ಅತ್ತೆ ರಾಮಲಕ್ಷ್ಮಮ್ಮ ಮಡಿಲಲ್ಲಿದ್ದ ಬ್ಯಾಗನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು.

ಗಂಡಸರಲ್ಲಿ ಹೆಚ್ಚಾಗಿಯೂ ಹೆಂಗಸರಲ್ಲಿ ಅಲ್ಪವಾಗಿಯೂ ಇರುವ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ಶಶಿಯ ರಕ್ತದಲ್ಲಿ ಇರಬೇಕಾದ ಮಟ್ಟದ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು. ಇಷ್ಟು ಏರಿದ್ದರೆ ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲೋ ಗಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು, ತುಮಕೂರಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕಾಗುತ್ತದೆ ಎಂದರು ಡಾಕ್ಟರು. ಗಡ್ಡೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಶಶಿಗೆ ಮಿಕ್ಕ ಮಾತು ಸರಿಯಾಗಿ ಕೇಳಿಸಲಿಲ್ಲ. ಈಗಷ್ಟೇ ನಡೆಯಲು ಕಲಿತ ಮಗಳ ಮುಖ ಕಣ್ಣೆದುರು ಬಂತು.

ಅವಳು ಇಲ್ಲಿಗೆ ಬಂದದ್ದು ಗದ್ದದ ಕೂದಲಿಗಾಗಿ. ಕಾಲೇಜಿನಲ್ಲಿದ್ದಾಗ ಒಂದೆರಡು ಎಳೆ ಕಾಣಿಸಿಕೊಂಡಿದ್ದವು. ಬರಬರುತ್ತಾ ಗದ್ದದ ಕೆಳಗೆ, ತುಟಿಯ ಮೇಲೆ, ಹೊಕ್ಕಳ ಸುತ್ತ ದಪ್ಪ ಕಪ್ಪು ಕೂದಲು ಬೆಳೆಯತೊಡಗಿತು. ದಿನವೂ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಚಿಮಟದಿಂದ ಕೀಳುತ್ತಿದ್ದಳು. ಒಂದು ದಿನ ಹಾಗೆ ಕಿತ್ತಲ್ಲಿ ಕೀವಾಗಿ ಗದ್ದ ಊದಿಕೊಂಡಿದ್ದು ಅತ್ತೆಯ ಕಣ್ಣಿಗೆ ಬಿತ್ತು. ಅತ್ತೆಯೇ ಹಟ ಹಿಡಿದು ತಿಪಟೂರಿಗೆ ಕರೆತಂದಿದ್ದಳು.

ಡಾಕ್ಟರು ರಿಪೋರ್ಟನ್ನು ಮತ್ತೆ ಕೈಗೆತ್ತಿಕೊಂಡರು. ಅದರಲ್ಲಿ ಏನೋ ತಾಳೆಯಾಗದಂತೆ ಅವರಿಗೆ ಕಂಡಿತು.

"ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದೆ ಅಂದ್ರಿ. ದನಿ ದಪ್ಪ ಆಗಿಲ್ಲ. ಕೂದಲು ಬಂದಿದ್ದೂ ವರ್ಷಗಟ್ಟಲೆ, ನಿಧಾನಕ್ಕೆ. ನಿಜವಾಗ್ಲೂ ಇಷ್ಟು ಹಾರ್ಮೋನ್ ಇದ್ದಿದ್ರೆ ಮೈ ಸುಮ್ಮನೆ ಇರ್ತಿರಲಿಲ್ಲ. ಥೈರಾಯ್ಡ್ ರಿಪೋರ್ಟೂ ವಿಚಿತ್ರವಾಗಿದೆ. ಯಾವುದಾದ್ರೂ ಮಾತ್ರೆ ತಗೋತಿದೀರಾ?"

ಹೋದ ಸಲವೂ ಅವರು ಇದನ್ನೇ ಕೇಳಿದ್ದರು. ಶಶಿ ಇಲ್ಲವೆಂದು ತಲೆಯಾಡಿಸಿದ್ದಳು. ಈ ಸಲ ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟಳು.

"ನಮ್ಮನೇಲಿ ತಲೆನೋವು ಬಂದ್ರೂ ಮಾತ್ರೆ ಮುಟ್ಟಲ್ಲ ಡಾಕ್ಟ್ರಮ್ಮ. ಎಲ್ಲಕ್ಕೂ ನಮ್ ಎಣ್ಣೇನೆ."

ಆ ಎಣ್ಣೆಯೇ ಶಶಿಯ ನಾಲಗೆಯನ್ನು ಕಟ್ಟಿಹಾಕಿತ್ತು. ಅರಳಗುಪ್ಪೆಯಲ್ಲಿ ಅವರದು ಗಾಣದ ಮನೆ. ತೋಟದ ಕಾಯಿ ಅಟ್ಟದ ಮೇಲೆ ವರ್ಷವಿಡೀ ಒಣಗಿ ಉಂಡೆ ಕೊಬ್ಬರಿಯಾದ ಮೇಲೆ ಗಂಡ ನಾಗಭೂಷಣ ಗಾಣಕ್ಕೆ ಹಾಕುತ್ತಿದ್ದ. ಅತ್ತೆ ಮುಂಬಾಗಿಲಲ್ಲಿ ಕೂತು ಎಣ್ಣೆ ಮಾರುತ್ತಿದ್ದಳು. ಊರಿನ ಹಳೆಯ ದೇವಸ್ಥಾನ ನೋಡಲು ಬಂದ ಹೆಂಗಸರು ಅಂಗಡಿಯ ಮುಂದೆ ನಿಂತರೆ ಸಾಕು, ಶಶಿಯನ್ನು ಕರೆದು, ಭುಜ ಹಿಡಿದು ಬೆನ್ನು ತಿರುಗಿಸಿ, ಸೊಂಟದವರೆಗಿನ ಜಡೆಯನ್ನು ತೋರಿಸುತ್ತಿದ್ದಳು. ಬೇರೆ ಜಾಹೀರಾತು ಅವರಿಗೆ ಬೇಕಿರಲಿಲ್ಲ.

ಮಗಳು ಹುಟ್ಟಿದ ಮೇಲೆ ಆ ಜಡೆ ಉದುರತೊಡಗಿತು. ಬಾಚಣಿಗೆಯ ತುಂಬ ಕೂದಲು, ದಿಂಬಿನ ಮೇಲೆ ಕೂದಲು. ಬೇಕಾದ ಕಡೆ ಉದುರುತ್ತದೆ, ಬೇಡದ ಕಡೆ ಬೆಳೆಯುತ್ತದೆ ಎಂದು ಶಶಿ ಒಬ್ಬಳೇ ಅತ್ತಿದ್ದಳು. ಜಡೆಯೊಳಗೆ ಚೌರಿ ಸೇರಿಸಿ ಹೆಣೆದುಕೊಂಡಳು. ಔಷಧಿ ಅಂಗಡಿಯಲ್ಲಿ ವಿಚಾರಿಸಿ ಕೂದಲಿನ ಮಾತ್ರೆ ತಂದು, ಬೇಗ ಗುಣವಾಗಲೆಂದು ಒಂದರ ಬದಲು ಎರಡೆರಡು ನುಂಗಿದಳು. ಎಣ್ಣೆ ಮನೆಯ ಸೊಸೆ ಕೂದಲಿಗೆ ಮಾತ್ರೆ ನುಂಗುತ್ತಾಳೆಂದು ಗೊತ್ತಾದರೆ ಅತ್ತೆ ಯಾರಿಗೆ ಮುಖ ತೋರಿಸಿಯಾಳು?

ಈಗ ಮುಚ್ಚಿಟ್ಟರೆ ತನ್ನ ಜೀವಕ್ಕೇ ಕುತ್ತು ಎನಿಸಿತು. ಅತ್ತೆಯ ಕಡೆ ನೋಡದೆ ಹೇಳಿಬಿಟ್ಟಳು.

"ಕೂದ್ಲು ಉದುರ್ತಿತ್ತು ಮೇಡಂ. ಬಯೋಟಿನ್ ಮಾತ್ರೆ ತಗೋತಿದೀನಿ. ದಿನಾ ಎರಡು."

ಡಾಕ್ಟರು ಕುರ್ಚಿಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟರು. ಆಮೇಲೆ ಅತ್ತೆಗೂ ಅರ್ಥವಾಗುವಂತೆ ನಿಧಾನವಾಗಿ ವಿವರಿಸಿದರು. ಆ ಮಾತ್ರೆ ವಿಷವಲ್ಲ, ಅದೊಂದು ವಿಟಮಿನ್. ಆದರೆ ಕೆಲವು ಲ್ಯಾಬುಗಳ ಯಂತ್ರಗಳು ಹಾರ್ಮೋನನ್ನು ಹಿಡಿದು ಅಳೆಯಲು ಇದೇ ಬಯೋಟಿನ್ನನ್ನು ಅಂಟಿನಂತೆ ಬಳಸುತ್ತವೆ. ರಕ್ತದಲ್ಲೇ ಅದು ಬೇಕಾದಷ್ಟು ತುಂಬಿಕೊಂಡಿದ್ದರೆ ಯಂತ್ರ ಮೋಸ ಹೋಗುತ್ತದೆ. ಟೆಸ್ಟೋಸ್ಟೆರೋನನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಥೈರಾಯ್ಡಿನ ಒಂದು ಲೆಕ್ಕವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗೆಂದು ಈಗಲೇ ಏನನ್ನೂ ಖಚಿತವಾಗಿ ಹೇಳುವಂತಿಲ್ಲ. ಮಾತ್ರೆ ನಿಲ್ಲಿಸಿ ಮುಂದಿನ ವಾರ ಮತ್ತೆ ರಕ್ತ ಕೊಡಬೇಕು. ಆಗಲೂ ಇದೇ ಫಲಿತಾಂಶ ಬಂದರೆ ಸ್ಕ್ಯಾನ್ ತಪ್ಪಿದ್ದಲ್ಲ.

ಬಸ್ಸು ತಿಪಟೂರು ದಾಟಿ ತೋಟಗಳ ನಡುವೆ ಬಂತು. ಅತ್ತೆ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಕೇಳಿದಳು.

"ನಂಗೆ ಹೇಳಕ್ಕೆ ಹೆದರಿಕಂಡೆ. ಸಾಯಕ್ಕೆ ಹೆದರಿಕೆ ಆಗ್ಲಿಲ್ವೇನೇ?"

ಶಶಿ ಮನೆಗೆ ಹೋದವಳೇ ಚೌರಿ ಬಿಚ್ಚಿ ಅತ್ತೆಯ ಮುಂದಿಟ್ಟಳು. ಅದನ್ನು ನೋಡಿ ಅತ್ತೆ ಎದ್ದು ಒಳಗೆ ಹೋದಳು.

ಆ ವಾರವೆಲ್ಲ ಅತ್ತೆ ಶಶಿಯನ್ನು ಅಂಗಡಿಯ ಮುಂದೆ ಕರೆಯಲಿಲ್ಲ. ಸಿಟ್ಟೋ ದಿಗಿಲೋ ಶಶಿಗೆ ತಿಳಿಯಲಿಲ್ಲ. ನಾಗಭೂಷಣ ಮಾತ್ರ ಗಾಣ ನಿಲ್ಲಿಸಿ ಆಗಾಗ ಒಳಗೆ ಬಂದು ಅವಳನ್ನು ನೋಡಿ ಹೋಗುತ್ತಿದ್ದ. ಒಂದು ದಿನ ಮಾಯಸಂದ್ರದಿಂದ ಬಂದ ಹಳೆಯ ಗಿರಾಕಿಯೊಬ್ಬಳು ನಿಮ್ಮ ಸೊಸೆ ಎಲ್ಲಿ, ನಮ್ಮ ಹುಡುಗಿಗೆ ಅವಳ ಜಡೆ ತೋರಿಸಬೇಕಿತ್ತು ಎಂದಳು. ಒಳಗಿದ್ದ ಶಶಿ ಬಾಗಿಲ ಹಿಂದೆ ನಿಂತು ಆಲಿಸಿದಳು.

"ಎಣ್ಣೆ ಬೇಕಾದ್ರೆ ತಗಳವ್ವ," ಎಂದಳು ರಾಮಲಕ್ಷ್ಮಮ್ಮ. "ಜಡೆ ನಾವು ಮಾರಲ್ಲ."

ಎಷ್ಟೋ ದಿನಗಳ ಮೇಲೆ ಶಶಿ ಆವತ್ತು ಹೊಟ್ಟೆ ತುಂಬ ಉಂಡಳು.

ಎರಡನೇ ರಿಪೋರ್ಟ್ ಬಂದ ದಿನ ಡಾಕ್ಟರು ಕನ್ನಡಕಕ್ಕೆ ಕೈ ಹಾಕಲಿಲ್ಲ. ಎಲ್ಲವೂ ಮಿತಿಯೊಳಗೇ ಇದೆ ಎಂದರು, ಅತ್ತೆ ಕೇಳಿದ್ದಕ್ಕೆ ಇನ್ನೊಮ್ಮೆ ಓದಿ ಹೇಳಿದರು. ಥೈರಾಯ್ಡೂ ಸರಿಯಾಗಿತ್ತು. ಗಡ್ಡೆಯ ಭಯ ಬೇಡ. ಹಾಗಾದರೆ ಗದ್ದದ ಕೂದಲು? ಕೆಲವರಲ್ಲಿ ಹಾರ್ಮೋನು ಎಲ್ಲರಷ್ಟೇ ಇದ್ದರೂ ಕೂದಲಿನ ಬುಡ ಅದಕ್ಕೆ ಹೆಚ್ಚು ಸ್ಪಂದಿಸುತ್ತದೆ. ಅದರಿಂದ ಜೀವಕ್ಕೆ ಏನೂ ಅಪಾಯವಿಲ್ಲ. ಮುಂದೆ ಬೇಕೆನಿಸಿದರೆ ಲೇಸರ್ ಇದೆ, ಮಾತ್ರೆಯೂ ಇದೆ. ಸದ್ಯಕ್ಕೆ ಚಿಮಟದಿಂದ ಕೆದಕಿ ಗಾಯ ಮಾಡಿಕೊಳ್ಳದೆ ಪಾರ್ಲರಿನಲ್ಲಿ ದಾರದಿಂದ ತೆಗೆಸಿಕೊಂಡರೆ ಸಾಕು. ಹೆರಿಗೆಯಾದ ಮೇಲೆ ಉದುರಿದ ತಲೆಕೂದಲು ಸಾಮಾನ್ಯವಾಗಿ ತಾನಾಗಿ ಬರುತ್ತದೆ.

ಹೊರಗೆ ಬಂದ ಶಶಿ ಗಂಡನಿಗೆ ಫೋನು ಮಾಡಿದಳು. ಹಲೋ ಎನ್ನುವಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡು ಬೀದಿಗೆಲ್ಲ ಕೇಳಿಸುವಂತೆ ಹೇಳಿದಳು. "ಏನೂ ಇಲ್ವಂತೆ ಕಣಪ್ಪ. ಮಿಷಿನ್ನಿಗೇ ಕಣ್ಣು ಮಂಜಾಗಿತ್ತಂತೆ. ನಾವು ಬರೋದು ತಡ ಆಯ್ತದೆ, ಮಗೀಗೆ ಉಣ್ಣಕ್ಕಿಕ್ಕು."

ತಡ ಯಾಕೆಂದು ಶಶಿಗೆ ಗೊತ್ತಾದದ್ದು ಅತ್ತೆ ಬಸ್‌ಸ್ಟ್ಯಾಂಡಿನ ದಾರಿ ಬಿಟ್ಟು ಪಾರ್ಲರಿನ ಗಾಜಿನ ಬಾಗಿಲು ತಳ್ಳಿದಾಗ. ಊರಿನವರು ಯಾರಾದರೂ ನೋಡಿಯಾರೆಂದು ಶಶಿ ಇಷ್ಟು ವರ್ಷ ಅಂಥ ಬಾಗಿಲ ಹತ್ತಿರವೂ ಸುಳಿದಿರಲಿಲ್ಲ. ಹುಡುಗಿಯೊಬ್ಬಳು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ ಕೆಲಸ ಶುರು ಮಾಡಿದಳು. ಚುರುಚುರು ಎಂದಿತು. ಅತ್ತೆ ಪಕ್ಕದಲ್ಲೇ ನಿಂತು ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಖಾಲಿಯಿದ್ದ ಇನ್ನೊಂದು ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಕನ್ನಡಿಗೆ ಮುಖವೊಡ್ಡಿದಳು.

"ಇವಳದಾದ್ಮೇಲೆ ನಂದೂ ನೋಡವ್ವ. ಮೀಸೆ ನಂಗೇನು ಕಮ್ಮಿ ಇಲ್ಲ."

ಶಶಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ದಾರ ಜಾರುತ್ತೆ ಅಕ್ಕಾ, ಅಲ್ಲಾಡಬೇಡಿ ಎಂದು ಹುಡುಗಿ ಎಷ್ಟು ಹೇಳಿದರೂ ಆ ನಗು ನಿಲ್ಲಲಿಲ್ಲ.