ತೊಟ್ಟಿಗಾಡಿಯ ಅರ್ಧಚಂದ್ರ

"ಕಣ್ಣಿಗೆ ಅಷ್ಟಾಗಿ ಕಾಣಲ್ಲ ಯಜಮಾನ್ರೇ, ಕೈಯಾಡ್ಸಿ ನೋಡಿ," ಎಂದ ಗೋಪಾಲಪ್ಪ.

ಆದಿನಾರಾಯಣಪ್ಪ ಎಡಗೈ ಚಾಚಿದ. ಬಲಗೈಯನ್ನು ಷರಾಯಿಯ ಜೇಬಿನಿಂದ ತೆಗೆಯಲಿಲ್ಲ. ಅವನ ಸೈಕಲ್ ಶಾಪಿನ ಮುಂದೆ ನಿಂತಿದ್ದ ಟೆಂಪೋದ ಮೇಲೆ ಕಿತ್ತಳೆ ಬಣ್ಣದ ಒಂದು ಫೈಬರ್ ಬಾಡಿ ಹಗ್ಗ ಬಿಗಿಸಿಕೊಂಡು ಕೂತಿತ್ತು. ಚಕ್ರವಿಲ್ಲ, ಎಂಜಿನ್ ಇಲ್ಲ, ಬಾಗಿಲು ಮೊದಲೇ ಇಲ್ಲ. ಸಮುದ್ರದ ದಂಡೆಯ ಮರಳಲ್ಲಿ ಓಡಿಸುವ ಶೋಕಿಯ ಗಾಡಿ. ಇಂಗ್ಲಿಷಿನವರ ಬಾಯಲ್ಲಿ ಡ್ಯೂನ್ ಬಗ್ಗಿ. ಸಮುದ್ರದ ಮುಖವನ್ನೇ ಕಾಣದ ಹೊಸಕೋಟೆಯವರು ಹಿಂದೊಮ್ಮೆ ಇಂಥದೊಂದನ್ನು ನೋಡಿ, ಸ್ನಾನದ ತೊಟ್ಟಿಗೆ ಚಕ್ರ ಕಟ್ಟಿದ್ದಾರೆ ಎಂದು ನಕ್ಕು, ತೊಟ್ಟಿಗಾಡಿ ಎಂದು ಹೆಸರಿಟ್ಟಿದ್ದರು. ಅದರ ಮೊಂಡು ಮೂತಿಯ ನಟ್ಟನಡುವೆ ಬೆರಳಿಗೊಂದು ಉಬ್ಬು ತಾಕಿತು. ಉಗುರಿನಷ್ಟು ಅಗಲ, ಒಂದು ಕಡೆ ಓರೆಯಾಗಿ ಕತ್ತರಿಸಿದ ಹಾಗೆ. ಆದಿನಾರಾಯಣಪ್ಪ ಚಾಚಿದ ಕೈ ಹಿಂದಕ್ಕೆಳೆದುಕೊಂಡ.

"ಇಂಥ ಬಾಡಿ ನಾನು ಹನ್ನೊಂದು ನೋಡಿದೀನಿ," ಎಂದು ಗೋಪಾಲಪ್ಪ ಉತ್ಸಾಹದಿಂದ ಶುರು ಮಾಡಿದ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಅವನಿಗೆ ಈ ಗಾಡಿಗಳೆಂದರೆ ಹುಚ್ಚು. "ಫಾರಿನ್‌ದಾದ್ರೆ ಇಲ್ಲಿ ಕಂಪ್ನಿ ಹೆಸ್ರಿರುತ್ತೆ. ಬೊಂಬಾಯಿದಾದ್ರೆ ಅಂಚು ಒರಟು, ಕೈ ಕುಯ್ಯುತ್ತೆ. ಇದನ್ನ ಮದ್ರಾಸಲ್ಲಿ ಗುಜರಿ ಅಂಗ್ಡೀಲಿ ಹಿಡ್ದೆ. ಹೊಸಕೋಟೆ ಪಾಪಯ್ಯನವರ ಶೆಡ್ಡಿಂದು ಅಂದ್ರು. ಒಳ್ಗಡೆ ನೋಡಿ, ಒಂದು ಗಾಳಿಗುಳ್ಳೆ ಇಲ್ಲ. ಅಂಚು ಬಳೆ ಇದ್ದಂಗಿದೆ. ಹೆಸ್ರಿರೋ ಜಾಗ್ದಲ್ಲಿ ಈ ಅರ್ಧಚಂದ್ರ. ಮಾಡಿದೋನು ಒತ್ತಿರೋ ಸೀಲು ಇದು, ಅನುಮಾನಾನೇ ಇಲ್ಲ. ಪಾಪಯ್ಯನವರ ಶೆಡ್ಡಲ್ಲಿ ಮೇಸ್ತ್ರಿ ಆಗಿದ್ದೋರು ನೀವಂತಲ್ಲ, ಹೇಳಿ, ಯಾರ ಕೈ ಇದು? ನಾನೇ ಪಿಲ್ಲಗುಂಪೆ ಹತ್ರ ಒಂದು ಶೆಡ್ಡು ಹಾಕ್ತಿದೀನಿ. ಆ ಕೈ ನನಗೆ ಬೇಕು."

ಯಾರ ಕೈ ಎಂಬುದು ಆದಿನಾರಾಯಣಪ್ಪನಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತಿರಬೇಕು!

ಏಳು ವರ್ಷದ ಹಿಂದೆ, ಎಪ್ಪತ್ತೊಂದರಲ್ಲಿ, ನೀರಿನ ಟ್ಯಾಂಕು ಮಾಡುತ್ತಿದ್ದ ಪಾಪಯ್ಯನ ಶೆಡ್ಡಿಗೆ ಯಾರೋ ದೊರೆಯೊಬ್ಬ ಒಡೆದುಹೋದ ಗಾಡಿಯನ್ನು ರಿಪೇರಿಗೆ ಬಿಟ್ಟಿದ್ದ. ಪಾಪಯ್ಯ ಪೂಜೆ ಪುನಸ್ಕಾರದ ಮನುಷ್ಯ, ಆದರೆ ಕಂಡವರ ವಸ್ತುವಿನ ಅಚ್ಚು ತೆಗೆಯಲು ದೇವರ ಅಪ್ಪಣೆ ಕೇಳುವ ಪೈಕಿಯಲ್ಲ. ಶೆಡ್ಡಿನ ಫೈಬರ್ ಕೆಲಸಗಾರ ಮುನಿಶಾಮಪ್ಪನಿಗೆ ಹೇಳಿ ಅಚ್ಚು ತೆಗೆಸಿದ. ಮದ್ರಾಸಿನ ಪಾರ್ಟಿಯೊಂದು ಐದು ಬಾಡಿ ಬೇಕೆಂದಿತು. ಮೂತಿಯ ಮೇಲಿದ್ದ ಪರದೇಶದ ಕಂಪನಿಯ ಹೆಸರು ಅಚ್ಚಿನಲ್ಲೂ ಮೂಡಿತ್ತಲ್ಲ, ಅದು ಕಾಣಬಾರದೆಂದು ಮುನಿಶಾಮಪ್ಪ ಅಲ್ಲಿಗೆ ಗುಂಡಿ ಮುಚ್ಚುವ ಪುಟ್ಟಿ ತುಂಬಿ, ಕನ್ನಡಿಯಂತೆ ಸವರಿ, ಒಣಗಲು ಬಿಟ್ಟು ಆಯುಧಪೂಜೆಗೆ ಊರಿಗೆ ಹೋದ.

ಪೂಜೆ ಮಾಡಿದವನು ಮೇಸ್ತ್ರಿ ಆದಿನಾರಾಯಣಪ್ಪ. ಗರಗಸಕ್ಕೆ, ಡ್ರಿಲ್ಲಿಗೆ, ತಕ್ಕಡಿಗೆ, ಕೊನೆಗೆ ಪಾಪಯ್ಯನ ಸ್ಕೂಟರಿಗೂ ಕುಂಕುಮ ಇಟ್ಟು ಅಚ್ಚಿನ ಹತ್ತಿರ ಬಂದ. ಹಣೆ ಎಲ್ಲಿದೆಯೋ ಅಲ್ಲೇ ತಾನೇ ಬೊಟ್ಟು ಇಡಬೇಕು? ಮೂತಿಯ ನಡುವೆ ಉಂಗುರ ಬೆರಳಿಟ್ಟು ಭಕ್ತಿಯಿಂದ ಒತ್ತಿದ. ಬೆರಳು ಒಂದಿಷ್ಟು ಒಳಕ್ಕೆ ಹೋಯಿತು. ಪುಟ್ಟಿ ಇನ್ನೂ ಹಸಿಯಿತ್ತು.

ಅವತ್ತೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಇಷ್ಟರಲ್ಲೇನು ಎಂದುಕೊಂಡು ಸುಮ್ಮನಾದ. ಪೂಜೆಯ ಕುಂಕುಮ ಒರೆಸಬಾರದೆಂದು ವಾರದ ತನಕ ಯಾರೂ ಅದನ್ನು ಮುಟ್ಟಲಿಲ್ಲ; ಆಮೇಲೆ ಮುನಿಶಾಮಪ್ಪ ಒರೆಸಿ ಮೇಣ ಹಚ್ಚಿದಾಗ ಗುಳಿ ಮೇಣದ ಹೊಳಪಿನಲ್ಲಿ ಮರೆಯಾಯಿತು. ಅಚ್ಚಿನ ಗುಳಿ ಬಾಡಿಯ ಮೇಲೆ ಉಬ್ಬಾಗಿ ಬಂತು. ಬಣ್ಣ ಹೊಡೆದು ಬಿಸಿಲಿಗೆ ನಿಲ್ಲಿಸಿದ ಮೇಲೆ ಐದಕ್ಕೆ ಐದೂ ಹಣೆಯಲ್ಲಿ ಅರ್ಧಚಂದ್ರ ತೋರಿಸಿದವು. ಮದ್ರಾಸಿನವರು ಮೂಗು ಮುರಿದರು. ಪಾಪಯ್ಯ ಕೆಂಡವಾದ.

"ಪುಟ್ಟಿ ಮೆತ್ತಿದೋನು ಯಾವನಲೇ?"

ಎಲ್ಲರೂ ಮುನಿಶಾಮಪ್ಪನ ಕಡೆ ನೋಡಿದರು. ಮುನಿಶಾಮಪ್ಪ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಬಲಗೈ ಜೇಬಿಗಿಳಿಸಿ ನೆಲ ನೋಡಿದ. ಪಾಪಯ್ಯ ಅವತ್ತೇ ಮುನಿಶಾಮಪ್ಪನನ್ನು ಕೆಲಸದಿಂದ ತೆಗೆದ. ಗಾಡಿಗೆ ಬಿದ್ದ ಅರ್ಧಚಂದ್ರ ಕೊನೆಗೆ ಮುನಿಶಾಮಪ್ಪನ ಕುತ್ತಿಗೆಗೇ ಬಿತ್ತು ಎಂದು ಶೆಡ್ಡಿನವರು ತಮಾಷೆ ಮಾಡಿಕೊಂಡರು. ಆ ತಮಾಷೆಗೆ ಆದಿನಾರಾಯಣಪ್ಪನೂ ನಕ್ಕಿದ್ದ. ಮುಂದೆ ಶೆಡ್ಡು ಮುಚ್ಚಿತು, ಪಾಪಯ್ಯ ತೀರಿಕೊಂಡ, ಆದರೆ ಆ ನಗು ಮಾತ್ರ ಮೇಸ್ತ್ರಿಯ ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು.

"ಯಜಮಾನ್ರೇ, ಯಾರ್ದು ಹೇಳಿ," ಎಂದು ಗೋಪಾಲಪ್ಪ ಮತ್ತೆ ಕೇಳಿದ.

ನಂದು ಎನ್ನಬಹುದಾಗಿತ್ತು. ಸುಳ್ಳೇನೂ ಅಲ್ಲ, ಗುರುತು ಅವನದೇ. ಪಂಕ್ಚರ್ ಹಾಕುವ ಕಷ್ಟವೂ ತಪ್ಪುತ್ತಿತ್ತು. ಆ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಮುನಿಶಾಮಪ್ಪ ಅಂತ. ಅನುಗೊಂಡನಹಳ್ಳಿಯೋನು. ಬನ್ನಿ, ನಾನೇ ತೋರಿಸ್ತೀನಿ," ಎಂದ. ಬೆರಳಿನ ಮಾತು ಎತ್ತಲಿಲ್ಲ.

ದಾರಿಯುದ್ದಕ್ಕೂ ಈಗ ಹೇಳೋಣ, ಈಗ ಹೇಳೋಣ ಎಂದುಕೊಂಡ. ಗೋಪಾಲಪ್ಪ ತನ್ನ ಶೆಡ್ಡಿನ ಕಥೆ ಹೇಳುತ್ತಲೇ ಇದ್ದ. ಅನುಗೊಂಡನಹಳ್ಳಿ ಬಂದೇಬಿಟ್ಟಿತು.

ಮುನಿಶಾಮಪ್ಪ ಮನೆ ಮುಂದಿನ ಹುಣಸೆಮರದ ನೆರಳಲ್ಲಿ ಕೂತು, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದಕ್ಕೆ ಕಿತ್ತುಹೋದ ದಬ್ಬೆ ಸೇರಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೇಸ್ತ್ರಿಯನ್ನು ನೋಡಿ ಎದ್ದು ನಿಂತ.

"ಓ, ಮೇಸ್ತ್ರಿಗಳು! ಬನ್ನಿ ಬನ್ನಿ. ಗಾಡಿ ಅಲ್ಲೇ ಇರ್ಲಿ ಸಾ, ಹುಳ ನಾಕನೇ ಜ್ವರ ಕಳ್ದು, ಪೊರೆ ಬಿಟ್ಟು ಸೊಪ್ಪು ಮೇಯ್ತಾವೆ. ಹೊಗೆ ವಾಸ್ನೆ ಅಂದ್ರೆ ಆಗಾಕಿಲ್ಲ."

ಗೋಪಾಲಪ್ಪ ಅವನನ್ನು ಟೆಂಪೋದ ಹತ್ತಿರ ಕರೆದುಕೊಂಡು ಹೋಗಿ, ಮೂತಿಯ ಉಬ್ಬನ್ನು ಮುಟ್ಟಿ ತೋರಿಸಿದ. "ನಿಮ್ಮ ಗುರುತು ಹಿಡ್ಕೊಂಡೇ ಹುಡುಕ್ಕೊಂಡ್ ಬಂದ್ಬಿಟ್ಟೆ ನೋಡಿ."

ಮುನಿಶಾಮಪ್ಪ ಅದನ್ನು ನೋಡಿದ. ಆಮೇಲೆ ಆದಿನಾರಾಯಣಪ್ಪನ ಜೇಬಿನ ಕಡೆ ನೋಡಿದ.

"ಈ ಗುರುತು ನಂದಲ್ಲ ಸಾ."

"ಹಂಗಾದ್ರೆ ಬಾಡಿ?"

"ಗುರುತು ಯಾರ್ದೋ ಬಾಡೀನೂ ಅವ್ರದೇ ಅಂತ ಇಟ್ಕೊಳ್ಳಿ."

ಗೋಪಾಲಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಇಬ್ಬರ ಮುಖವನ್ನೂ ನೋಡಿದ. ಮುನಿಶಾಮಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ಅವತ್ತು ಶೆಡ್ಡಿನಲ್ಲಿ ನಿಂತಂತೆಯೇ ನಿಂತು ಮೇಸ್ತ್ರಿಯನ್ನು ನೋಡುತ್ತಿದ್ದ. ಆದಿನಾರಾಯಣಪ್ಪ ಜೇಬಿನಿಂದ ಬಲಗೈ ತೆಗೆದ. ತಗಡು ಕತ್ತರಿಸುವ ಯಂತ್ರಕ್ಕೆ ಎಂದೋ ತುದಿ ಕೊಟ್ಟಿದ್ದ ಓರೆ ಉಂಗುರ ಬೆರಳನ್ನು ಉಬ್ಬಿನ ಪಕ್ಕದಲ್ಲಿಟ್ಟ. ಎರಡೂ ಒಂದೇ ಪಡಿಯಚ್ಚು.

"ನಂದು," ಎಂದ. "ಪೂಜೆ ದಿನ ಒತ್ತಿದ್ದು ನಾನು. ಬಾಡಿ ಎಲ್ಲಾ ಇವನದ್ದೇ. ತಪ್ಪು ಒಂದು ಮಾತ್ರ ನಂದು."

ಗೋಪಾಲಪ್ಪ ಬಾಗಿ ಬೆರಳನ್ನೂ ಉಬ್ಬನ್ನೂ ಹತ್ತಿರದಿಂದ ನೋಡಿದ.

"ಅದು ಅವತ್ತೇ ಗೊತ್ತಿತ್ತು ಮೇಸ್ತ್ರಿ," ಎಂದ ಮುನಿಶಾಮಪ್ಪ. "ಆ ಶೆಡ್ಡಲ್ಲಿ ಮೊಂಡು ಬೆರಳು ಇನ್ಯಾರಿಗಿತ್ತು?"

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?"

"ನೀವು ಹೇಳ್ತೀರ ಅಂತ ನೋಡ್ದೆ. ಗೇಟಿಂದ ಆಚೆ ಬಂದು ಬಸ್‌ಸ್ಟಾಪಲ್ಲೂ ನೋಡ್ದೆ. ಎರಡು ಬಸ್ ಬಿಟ್ಟೆ." ಅಂಗೈಗಂಟಿದ್ದ ಬಿದಿರಿನ ಪುಡಿ ಒರೆಸಿಕೊಂಡು, "ಮೂರನೇದು ಕಡೇ ಬಸ್ಸು," ಎಂದ.

ಆದಿನಾರಾಯಣಪ್ಪನಿಗೆ ಕಣ್ಣು ತುಂಬಿ ಬಂತು. ಅಂದು ಶೆಡ್ಡಿನ ಗೇಟಿನಿಂದ ಬಸ್‌ಸ್ಟಾಪು ಕೂಗಳತೆಯಲ್ಲಿತ್ತು. ಅವನು ಒಳಗೆ ಕೂತು ಟೀ ಕುಡಿದಿದ್ದ.

ಗೋಪಾಲಪ್ಪನೇ ಮೆಲ್ಲಗೆ ಮಾತು ತೆಗೆದ. "ಆಗಿದ್ದಾಯ್ತು. ಈಗ ನನ್ನ ಶೆಡ್ಡಿಗೆ ಬನ್ನಿ. ನೀವೇ ಹೆಡ್ಡು. ಬಾಡಿ ಮೇಲೆ ನಿಮ್ಮ ಹೆಸರೇ ಹಾಕ್ಸೋಣ."

ಮುನಿಶಾಮಪ್ಪ ಮನೆಯ ಕಡೆ ನೋಡಿದ. ಒಳಗಿನಿಂದ ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆಯಂತೆ, ಬಾಗಿಲವರೆಗೂ ಕೇಳುತ್ತಿತ್ತು.

"ಇಲ್ಲ ಸಾ. ಆ ಫೈಬರ್‌ಗೆ ಹಾಕೋ ರೆಸಿನ್ ವಾಸ್ನೆ ಮೈಗಂಟುಸ್ಕೊಂಡು ಬಂದ್ರೆ ಇವು ಒಂದೂ ಗೂಡು ಕಟ್ಟಾಕಿಲ್ಲ. ನಾನೂ, ನಮ್ಮ ಮನೆಯೋಳು ದ್ಯಾವಮ್ಮನೂ ಇವನ್ನೇ ನೆಚ್ಕೊಂಡಿದೀವಿ."

ಹಾಗೆಂದವನು ಅಲ್ಲಿಂದ ಕದಲಲಿಲ್ಲ. ಅವನ ಕೈ ತಾನಾಗಿಯೇ ಬಾಡಿಯ ಅಂಚಿನ ಒಳಗೆ ಹೋಯಿತು. ಹೊರಗಿನಿಂದ ಯಾರಿಗೂ ಕಾಣದ ಆ ಜಾಗದಲ್ಲಿ ಹೆಬ್ಬೆರಳು ಊರಿ, ಮೂತಿಯಿಂದ ಹಿಂದಿನ ತನಕ ನಿಧಾನವಾಗಿ ಸವರುತ್ತಾ ಟೆಂಪೋದ ಸುತ್ತ ಒಂದು ಸುತ್ತು ನಡೆದ. ಎಲ್ಲೂ ತಡೆಯಲಿಲ್ಲ. ಸುತ್ತು ಮುಗಿದ ಮೇಲೂ ಕೈ ಅಲ್ಲೇ ಇತ್ತು.

"ಸೊಪ್ಪು ಹಾಕೋ ಹೊತ್ತಾಯ್ತು, ಏನ್ ಮಾಡ್ತಿದೀಯ ಅಲ್ಲಿ?" ಎಂದು ದ್ಯಾವಮ್ಮ ಒಳಗಿನಿಂದ ಕೂಗಿದಳು. "ಕೈ ತೊಳ್ಕೊಂಡು ಬಾ."

ಮುನಿಶಾಮಪ್ಪ ಕೈ ತೆಗೆದ. ಬಾಗಿಲ ಪಕ್ಕದ ನೀರಿನ ತೊಟ್ಟಿಯ ಹತ್ತಿರ ಹೋಗಿ ಚೊಂಬಿನಲ್ಲಿ ನೀರು ತೆಗೆದುಕೊಂಡು, ಸೋಪು ಹಚ್ಚಿ, ಮೊಣಕೈವರೆಗೂ ತೊಳೆದ. ಮೂಸಿ ನೋಡಿಕೊಂಡು ಇನ್ನೊಂದು ಸಲ ತೊಳೆದ.