ನಾಲ್ಕೂವರೆಯ ಮೆಸೇಜು ಎಂಟಕ್ಕೆ ಹೋಗಲಿ

ಜಕ್ಕೂರಿನ ಮುನಿಕೃಷ್ಣಮ್ಮನ ಮನೆಯಲ್ಲಿ ಹಸು ಮಾರಿ ಆರು ವರ್ಷವಾಗಿತ್ತು. ಹಾಲು ಕರೆಯಲು ಏಳುತ್ತಿದ್ದ ಅಭ್ಯಾಸ ಮಾತ್ರ ಉಳಿದಿತ್ತು. ಈಗ ಅವಳು ಕೆರೆಯ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಕ್ಲೀನಿಂಗ್ ಹೆಂಗಸರಿಗೆ ಸೂಪರ್‌ವೈಸರ್. ಬೆಳಗಿನ ನಾಲ್ಕೂವರೆಗೆ ಕಣ್ಣು ಬಿಟ್ಟರೆ ಕೆಲಸವೇ ತಲೆಗೆ ಬರುತ್ತಿತ್ತು. ಬಂದದ್ದನ್ನು ಆಗಲೇ ಮೆಸೇಜ್ ಮಾಡಿಬಿಡುತ್ತಿದ್ದಳು: ‘ಬಿ ಬ್ಲಾಕ್ ಲಿಫ್ಟ್ ಒರೆಸು.’ ‘ಫಿನಾಯಿಲ್ ತಗೊಂಡು ಹೋಗು.’

ಅವಳ ಕೈಕೆಳಗಿನ ತೇಜಸ್ವಿನಿ ಅಚ್ಚುಕಟ್ಟಾದ ಕೆಲಸಗಾರ್ತಿ. ಆದರೆ ಮೆಸೇಜಿಗೆ ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಅದನ್ನು ಸೊಕ್ಕು ಎಂದುಕೊಂಡಿದ್ದಳು ಮುನಿಕೃಷ್ಣಮ್ಮ.

ಒಂದು ದಿನ ತೇಜಸ್ವಿನಿ, “ಅಕ್ಕ, ಒಂದನೇ ತಾರೀಕಿಂದ ನಾನು ಬರಲ್ಲ” ಎಂದಳು.

“ಯಾಕಮ್ಮಾ? ನಾನೇನಂದೆ ನಿಂಗೆ?”

ತೇಜಸ್ವಿನಿ ಬಕೆಟ್ಟನ್ನೇ ನೋಡುತ್ತ ನಿಂತಳು. “ಅಪ್ಪ ಆಸ್ಪತ್ರೇಲವ್ರೆ. ಯಾವಾಗ ಫೋನ್ ಬರತ್ತೋ ಅಂತ ದಿಂಬಿನ ಪಕ್ಕಾನೇ ಇಟ್ಕೊಂಡಿರ್ತೀನಿ. ಸೌಂಡ್ ತೆಗೆಯೋಕಾಗಲ್ಲ. ನಾಲ್ಕೂವರೆಗೆ ಸದ್ದಾದ್ರೆ ಜೀವ ಬಾಯಿಗೆ ಬರತ್ತೆ. ನೋಡಿದ್ರೆ ನಿಮ್ ಫಿನಾಯಿಲ್ಲು.”

ಅಷ್ಟು ದಿನದ ಆ ಮೌನದೊಳಗೆ ಏನಿದೆ ಎಂದು ಮುನಿಕೃಷ್ಣಮ್ಮ ಒಮ್ಮೆಯೂ ಕೇಳಿರಲಿಲ್ಲ.

ನೇರವಾಗಿ ಆಫೀಸಿಗೆ ಹೋದಳು. ಅಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಫಖ್ರುನ್ನೀಸಾ ಎಲ್ಲ ಕೇಳಿಸಿಕೊಂಡಳು.

“ಅವಾಗ್ಲೇ ಕಳಿಸ್ದಿದ್ರೆ ಮರ್ತೋಗ್ತದೆ ಕಣಮ್ಮ. ಏನ್ ಮಾಡ್ಲಿ?” ಎಂದಳು ಮುನಿಕೃಷ್ಣಮ್ಮ.

“ನೆನಪಾದಾಗ್ಲೇ ಬರೀರಿ ಅಕ್ಕ. ಎಂಟು ಗಂಟೆಗೆ ಹೋಗ್ಲಿ ಅಂತ ಟೈಮ್ ಇಟ್ಬಿಡಿ.”

“ಅಲ್ಲಿವರ್ಗೂ ಎಲ್ಲಿ ಕೂತಿರ್ತದೆ ಅದು?”

“ನಿಮ್ ಫೋನಲ್ಲೇ. ಬನ್ನಿ, ತೋರಿಸ್ತೀನಿ.”

ಮುನಿಕೃಷ್ಣಮ್ಮ ‘ಟೀ ಆಯ್ತಾ?’ ಎಂದು ಬರೆದಳು. ಫಖ್ರುನ್ನೀಸಾ ತೋರಿಸಿದಂತೆ ಎರಡು ನಿಮಿಷ ಮುಂದಿನ ಸಮಯ ಇಟ್ಟು, ಫೋನನ್ನು ಮೇಜಿನ ಮೇಲಿಟ್ಟಳು. ಇಬ್ಬರೂ ರೆಪ್ಪೆ ಬಡಿಯದೆ ಕಾದರು. ಫಖ್ರುನ್ನೀಸಾಳ ಫೋನ್ ಟಿಣ್ ಎಂದಿತು.

“ಅಯ್ಯೋ! ನಾನ್ ಮುಟ್ಟೇ ಇಲ್ವಲ್ಲೇ!”

“ನಿಮಗಿಂತ ಇದಕ್ಕೇ ತಾಳ್ಮೆ ಜಾಸ್ತಿ ಅಕ್ಕ.”

“ತಪ್ಪು ಬರ್ದಿದ್ರೆ?”

“ಹೋಗೋಕ್ ಮುಂಚೆ ತಿದ್ದಬಹುದು. ಬೇಡ ಅಂದ್ರೆ ಅಳಿಸಬಹುದು. ಫೋನ್ ಮಾತ್ರ ಆಫ್ ಮಾಡ್ಬೇಡಿ. ಇಮೇಲಲ್ಲೂ ಹೀಗೆ ಮಾಡಬಹುದು. ಭಾನುವಾರ ಬರ್ದು, ಸೋಮವಾರ ಒಂಬತ್ತಕ್ಕೆ ಇಟ್ಬಿಡ್ತೀನಿ.”

“ನೀರಿನ ಪೈಪ್ ಒಡೆದ್ರೂ ಎಂಟಕ್ಕೇನಾ?”

“ಅದಕ್ಕೆ ಫೋನ್ ಮಾಡ್ರೀ! ಲಿಫ್ಟ್ ಒರ್ಸೋದು ಕಾಯತ್ತೆ.”

ಮರುದಿನ ನಾಲ್ಕೂವರೆಗೆ ಮುನಿಕೃಷ್ಣಮ್ಮ ಮೆಸೇಜ್ ಬರೆದು, ಎಂಟಕ್ಕೆ ಇಟ್ಟಳು. ಎಂಟು ದಾಟಿ ಒಂದು ನಿಮಿಷಕ್ಕೆ, ಮೊದಲ ಸಲ, ತೇಜಸ್ವಿನಿಯ ಉತ್ತರ ಬಂತು: ‘ಸರಿ ಅಕ್ಕ. ಅಪ್ಪ ಇವತ್ತು ಒಂದು ಇಡ್ಲಿ ತಿಂದ್ರು.’

ಒಂದನೇ ತಾರೀಕೂ ಬಂತು. ತೇಜಸ್ವಿನಿ ಎಂದಿನಂತೆ ಕೆಲಸಕ್ಕೆ ಬಂದಳು.

ನೀವೂ ಯಾರಿಂದಲಾದರೂ ಕೆಲಸ ಮಾಡಿಸುವವರೇ? ಮೆಸೇಜನ್ನು ತಡವಾಗಿ ಕಳಿಸುವ ಸೌಲಭ್ಯ ನಿಮ್ಮ ಫೋನಿನಲ್ಲಿದೆಯೇ, ಇಂದೇ ಹುಡುಕಿ ನೋಡಿ. ಎಲ್ಲ ಫೋನಿನಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಕೆಲಸದ ಹೊತ್ತಿಗೆ ಕಳಿಸಿ. ಉತ್ತರ ಬರಲಿಲ್ಲವೆಂದು ಸಿಟ್ಟಾಗುವ ಮೊದಲು, ನೀವು ಎಷ್ಟು ಹೊತ್ತಿಗೆ ಕಳಿಸಿದ್ದಿರಿ ಎಂದು ಒಮ್ಮೆ ನೋಡಿಕೊಳ್ಳಿ.