ಬೀರಪ್ಪ ಕೊಟ್ಟಷ್ಟು

ಫ್ಯಾನಿನ ಗಾಳಿಗೆ ಕಾಗದದ ಮೂಲೆ ಏಳುತ್ತದೆ, ಬೀಳುತ್ತದೆ, ಅದರ ಮೇಲೆ ಸಾರಿಕಾಳ ಫೋಟೊ, ಯಾರೋ ಬೈದು ನಿಲ್ಲಿಸಿದ ಹಾಗೆ ಮುಖ — ಈ ಮುಖ ನೋಡಿ ನೌಕರಿ ಕೊಡುವ ಪುಣ್ಯಾತ್ಮರು ಯಾರು, ಸ್ವಲ್ಪ ನಗಬೇಕಿತ್ತೇನೋ, ಆದರೆ ಸ್ಟುಡಿಯೊದವನು ನಕ್ಕರ ನಡಿಯಂಗಿಲ್ಲ ಅಕ್ಕಾ ಅಂದಿದ್ದ — ಕುರಿಗಳ ಹಿಂದೆ ಊರೂರು ನಡೆದರೂ ಹಿಡಿಯದ ಸೊಂಟ ಉಮರ್ಗಾ ಬಸ್‌ಸ್ಟ್ಯಾಂಡಿನ ಎದುರಿನ ಈ ಝೆರಾಕ್ಸ್ ಅಂಗಡಿಯ ಕುರ್ಚಿಯಲ್ಲಿ ಕೂತು ಹಿಡಿದುಕೊಂಡಿದೆ, ಸಂಜೆಯೊಳಗೆ ರೆಸ್ಯೂಮೆ ಉದಗೀರಕ್ಕೆ ಹೋಗಬೇಕು, ಕುರಿ-ಮೇಕೆ ಸಾಕುವವರ ಸಂಸ್ಥೆಯಂತೆ, ಹಳ್ಳಿ ತಿರುಗಿ ಹಿಂಡು ನೋಡಿಕೊಳ್ಳುವವರು ಬೇಕಂತೆ, ಹನ್ನೆರಡನೆಯ ತರಗತಿ ಆಗಿದ್ದರೆ ಸಾಕಂತೆ, ಅನುಭವ ಏನ್ ಬರೀಲಿ ಅಕ್ಕಾ, ಅಂಗಡಿಯ ಒಡತಿ ಮೀನಲ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳುತ್ತಾಳೆ, ಏನಿಲ್ಲ ಬಿಡ್ರಿ, ಮನ್ಯಾಗ ಇರ್ತೀನಿ ಅಂತ ಬರೀರಿ, ಎಂದುಬಿಟ್ಟಳಲ್ಲ ಸಾರಿಕಾ, ಮನೆಯಲ್ಲಿ! ಮಳೆಗಾಲ ಬಿಟ್ಟರೆ ಮನೆಯ ಮುಖ ಕಂಡವಳೇ ಇವಳು, ದೀಪಾವಳಿ ಮುಗಿದದ್ದೇ ಅತ್ತೆ ಚಂದ್ರಭಾಗಾ, ಗಂಡ ಜ್ಞಾನೇಶ್ವರ, ತಾನು, ಹಿಂಡಿನ ಜೊತೆ ಹೊರಟರೆ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ, ಗೊಬ್ಬರಕ್ಕೆಂದು ರಾತ್ರಿಯೆಲ್ಲ ಹೊಲದಲ್ಲಿ ಕುರಿ ತರುಬುವುದು, ಅದಕ್ಕೆ ಪ್ರತಿಯಾಗಿ ಜೋಳ ಅಳೆದು ಕೊಡುವಾಗ ಕೈ ಬಿಗಿ ಮಾಡುವ ಹೊಲದವರ ಜೊತೆ ಗುದ್ದಾಡುವುದು, ಅಡ್ಡ ಬಂದ ಮರಿಯನ್ನು ಹೊರಗೆಳೆಯುವುದು, ಲಸಿಕೆಯವನನ್ನು ಮಾಕಣಿಯಿಂದ ಕಾಡಿ ಬೇಡಿ ಕರೆತರುವುದು — ಇಷ್ಟೆಲ್ಲಾ ಬಾಯಿಬಿಡಿಸಿದ ಮೇಲೆ ಮೀನಲ ಹಣೆ ಬಡಿದುಕೊಂಡಳು, ಇದನ್ನೇ ಬರೀಬೇಕ್ ಅಕ್ಕಾ, ರೆಸ್ಯೂಮೆದಾಗ ನಾಚ್ಕೊಂಡ್ರ ಯಾರ್ ಕರೀತಾರ ನಿನಗ. ಹಾಗಾದರೆ ಬರಿ ತಾಯಿ, ಎಂದಳು ಸಾರಿಕಾ.

ಆಮೇಲೆ ಕವರ್ ಲೆಟರ್, ಈ ನೌಕರಿ ನಿನಗ್ಯಾಕ ಬೇಕು, ಯಾಕೆಂದರೆ — ಲೋಹಾರಾದ ನಾದಿನಿಯ ಮನೆಯ ಬಾಗಿಲು, ಶಾಲೆ ತಪ್ಪಬಾರದೆಂದು ಮಗಳು ಸೀಮಾಳನ್ನು ಅಲ್ಲಿ ಬಿಟ್ಟು ಹೋದದ್ದು, ಈ ಸಲ ಮಿರುಗದ ಮಳೆಗೆ, ಮಳೆಗಾಲದ ಮೊದಲ ಹನಿಗೆ, ತಿರುಗಿ ಬಂದು, ಕಾಲಿನ ಧೂಳು ಕೂಡ ತೊಳೆಯದೆ ಓಡಿ ಹೋಗಿ ಕೈ ಚಾಚಿದರೆ ಹುಡುಗಿ ನಾದಿನಿಯ ಸೆರಗಿನ ಹಿಂದೆ ಸರಿದು, ಆಯಿ, ಹೀ ಬಾಯಿ ಕೋಣ? ಅವ್ವಾ, ಯಾರು ಈ ಹೆಂಗಸು ಎಂದು ಕೇಳುತ್ತಾಳೆ, ಹೆತ್ತವಳನ್ನು ತೋರಿಸಿ! ನಾದಿನಿ ಪಾಪ ನಾಚಿ ನೀರಾದಳು, ಬೈದಳು, ಸಾರಿಕಾ ನಕ್ಕಳು, ಕೊಟ್ಟಿಗೆಗೆ ಹೋಗಿ ಅತ್ತಳು — ನೌಕರಿ ಸಿಕ್ಕರೆ ಉದಗೀರದಲ್ಲಿ ಒಂದು ಖೋಲಿ, ಒಂದು ಸ್ಟೋವ್, ಮಗಳ ತಲೆ ಬಾಚುವುದು, ಅಷ್ಟೇ ಬೇಕಾಗಿರುವುದು, ಅದನ್ನೇ ಬರೀರಿ ಎಂದರೆ ಮೀನಲ ಕಣ್ಣೊರೆಸಿಕೊಂಡೂ ಒಪ್ಪಲಿಲ್ಲ, ಅಳೂದು ಬರೀಬ್ಯಾಡ ಅಕ್ಕಾ, ನೀ ಅವರಿಗಿ ಏನ್ ಕೆಲಸಕ್ಕ ಬರ್ತಿ ಅದು ಬರೀಬೇಕು, ಎಷ್ಟ್ ಕುರಿ ಸಂಭಾಳಸಿದಿ ಹೇಳು, ಆಕಡಾ ಬೇಕು, ಲೆಕ್ಕದ ಅಂಕಿ, ಆಕಡಾ ಇಲ್ದ ಯಾರೂ ನಂಬಂಗಿಲ್ಲ. ಸಾರಿಕಾ ಕೂತಲ್ಲೇ ಮನೆದೇವರಿಗೆ ಕೈ ಮುಗಿದಳು.

ಬೀರಪ್ಪ ಕೊಟ್ಟಷ್ಟವ ರೀ. ಮೀನಲ ನಕ್ಕಳು, ಹಂಗ ಟೈಪ್ ಮಾಡ್ಲಾ? ಹೋದ ವರ್ಷ ಹಾಗೇ ಬರೆದು ಕಳಿಸಿದ್ದಲ್ಲವೇ, ಸ್ವಲ್ಪ ಕುರಿ ಇವೆ ಎಂದು, ಯಾರೂ ಕರೆಯಲಿಲ್ಲ, ಇನ್ನೂರು ಎಂದು ಬರೆದ ಯೆಣೆಗೂರಿನ ಭೂಪನನ್ನು ಕರೆದರು, ಅವನ ಅಂಗಳದಲ್ಲಿ ಇರುವುದು ಕೋಳಿ — ಆದರೆ ಕುರಿ ಎಣಿಸಬಾರದು, ಎಣಿಸಿದರೆ ದೃಷ್ಟಿ, ಹಿಂಡು ಕರಗುತ್ತದೆ, ಮಾವ ಬೀರಣ್ಣ ಒಮ್ಮೆ ಉದಗೀರದ ಸಂತೆಯಲ್ಲಿ ಯಾರದೋ ಮುಂದೆ ಜಂಬದಲ್ಲಿ ಲೆಕ್ಕ ಹೇಳಿದ್ದನಂತೆ, ಆ ಮಳೆಗಾಲ ರೋಗ ಬಂದು ಅರ್ಧ ಹಿಂಡು ಹೋಯಿತಂತೆ, ಅಂವಾ ಸತ್ತರೂ ಅತ್ತೆ ಅದನ್ನು ಮರೆತಿಲ್ಲ, ಸುಳ್ಳೊಂದು ಬರೆಯೋಣವೆಂದರೆ ನಾಲಿಗೆ ಏಳುವುದಿಲ್ಲ, ನಿಜ ಬರೆಯೋಣವೆಂದರೆ ಗೊತ್ತಿಲ್ಲ, ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ — ಹಟ್ಟಿಯ ಬಾಯಲ್ಲಿ ಅತ್ತೆ ನಿಲ್ಲುತ್ತಾಳೆ, ಒಳಗೆ ಹೋಗುವ ಪ್ರತಿ ಕುರಿಯ ಬೆನ್ನಿಗೆ ಅಂಗೈ ತಾಗಿಸುತ್ತಾಳೆ, ಬಾಯಿ ಮುಚ್ಚಿದೆ, ಅಂಗೈ ನೋಡುತ್ತಿದೆ, ಕಡೆಗೆ, ಆ ಕಿವಿಹರಕಿ ಬಂದಿಲ್ಲ ಹೋಗ್ರಿ, ಅನ್ನುತ್ತಾಳೆ, ಅಷ್ಟೇ — ಫೋನ್ ಹಚ್ಚು ಅಕ್ಕಾ, ಕೇಳು, ಮೀನಲ ಬಿಡುವುದಿಲ್ಲ, ಹೇಗೆ ಕೇಳುವುದು, ಸೊಸೆ ಹೋದರೆ ಹಿಂಡಿನ ಹಿಂದೆ ಒಂದು ಜೀವ ಕಡಿಮೆ, ನೌಕರಿಯ ಮಾತೆತ್ತಿದ ದಿನದಿಂದ ಮುದುಕಿ ಹೂಂ ಅಂದಿಲ್ಲ ಊಹೂಂ ಅಂದಿಲ್ಲ, ಅವಳ ಕೈಯಿಂದಲೇ ಈ ಲೆಕ್ಕವನ್ನೂ ಕೇಳಿ ಕಸಿಯುವುದೇ, ಬೆನ್ನ ಮೇಲೆ ಅಂಗೈ, ಅಂಗೈ. ಆದರೂ ಫೋನ್ ಹಚ್ಚಿದಳು.

ಅತ್ಯಾ, ಕುರಿ ಎಷ್ಟವ ಅಂತ ಬರೀಬೇಕಂತ ರೀ. ಆ ಕಡೆ ಗಾಳಿ, ಗಂಟೆ, ಕೆಮ್ಮು. ಬರದ್ರ ಸಿಗ್ತದ ನೌಕರಿ? ಗೊತ್ತಿಲ್ಲ ರೀ, ಬರೀಲಿಲ್ಲಂದ್ರ ಸಿಗಂಗಿಲ್ಲ. ಮತ್ತೆ ಗಾಳಿ, ಕಟ್ಟಾಯಿತೇ, ಇಲ್ಲ, ಬೈಯುತ್ತಾಳೆ ಈಗ, ಬೈಯಲಿ, ಬೈದರೆ ಹಗುರವಾದೀತು — ಸಿಕ್ರ ಕೂಸು ನಿನ್ ಹಂತೇಲಿ, ನಿನ್ ಮಗ್ಗಲಾಗ ಇರ್ತದ? ಹೂಂ ರೀ. ತಡಿ, ಫೋನ್ ಇಡಬ್ಯಾಡ, ಕುರಿ ನೆಳ್ಳಿಗಿ ಮಲಗ್ಯಾವ. ಹೆಜ್ಜೆ ಸದ್ದು, ಹುಲ್ಲು ಸರಿಯುವ ಸದ್ದು, ಬೀರಪ್ಪಾ ನಿನ್ ಪಾದಕ್ಕ ಎಂಬ ಗೊಣಗು — ಅತ್ಯಾ, ಬ್ಯಾಡ್ರಿ, ಬ್ಯಾಡ — ಒಂದ್, ಅನ್ನುತ್ತಾಳೆ ಚಂದ್ರಭಾಗಾ, ಅಂಗೈ ಒಂದು ಬೆನ್ನಿನ ಮೇಲೆ, ಎರಡ್, ಅಂಗೈ ಇನ್ನೊಂದು ಬೆನ್ನಿನ ಮೇಲೆ, ಮೂರ್, ಅಂಗೈ, ಆ ಮುದಿ ಅಂಗೈ —